ಚಾಚಾ ಅರ್ಧಕ್ಕೆ ಬಿಡುತ್ತಿದ್ದ ಕಥೆ

ಬ್ರೇಕ್ ಒತ್ತಬೇಕೆಂದರೂ ಚಾಚಾ ಮೊಣಕಾಲನ್ನು ಸ್ಟಿಯರಿಂಗ್‌ವರೆಗೆ ಎತ್ತಿ ಧಡ್ ಎಂದು ಕುಟ್ಟುತ್ತಿದ್ದರು. ಮಿಲಿಟರಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಯಲ್ಲಾಪುರದಿಂದ ಶಿರಸಿಗೆ ಅವರ ಟೆಂಪೋದಲ್ಲಿ ದಿನಾ ನೌಕರಿಗೆ ಹೋಗುತ್ತಿದ್ದ ನನ್ನ ಹಣೆ ಮಂಚಿಕೇರಿಯ ತಿರುವಿನಲ್ಲಿ ಎಷ್ಟು ಸಲ ಮುಂದಿನ ಕಂಬಿಗೆ ಬಡಿದಿದೆಯೋ. ಬೈದರೆ, "ಹಣೆ ಗಟ್ಟಿ ಆಗ್ಲಿ ತಂಗಿ, ಫೌಜಿಗೆ ಬೇಕಾಗ್ತದೆ" ಎನ್ನುತ್ತಿದ್ದರು.

ಅವರ ಬಾಯಲ್ಲಿ ಇದ್ದದ್ದೆಲ್ಲ ತರಬೇತಿಯ ಕಥೆಗಳೇ. ಬಾಂಗ್ಲಾ ಯುದ್ಧದ ವರ್ಷ ಬೆಳಗಾವಿಯಲ್ಲಿ ಸೈನ್ಯ ಸೇರಿದವರು. ಬಂದೂಕುಗಳೆಲ್ಲ ಗಡಿಗೆ ಹೋಗಿದ್ದವಂತೆ, ಇವರಿಗೆ ಸಿಕ್ಕಿದ್ದು ಮರದ್ದು. ಗುರಿ ಹಿಡಿದು ಬಾಯಲ್ಲೇ 'ಢಂ' ಅನ್ನಬೇಕು. ಮೆಲ್ಲಗೆ ಅಂದವನನ್ನು ತರಬೇತಿ ಕೊಡುವ ಉಸ್ತಾದರು ಮೈದಾನ ಸುತ್ತಿಸುತ್ತಿದ್ದರಂತೆ.

ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು ಹಗ್ಗದ ಕಥೆ. ಚಾಚಾರ ಪಕ್ಕದ ಮಂಚದವನು ಸಿದ್ದಾಪುರದ ಕಡೆಯ ಹೆಗ್ಗರಣೆಯ ಹುಡುಗ, ಅಡಿಕೆ ಗೊನೆ ಕೊಯ್ಯುವ ಮನೆಯವನು. ಸಾಲಾಗಿ ಇಳಿಬಿಟ್ಟ ಹಗ್ಗಗಳಲ್ಲಿ ಒಂದನ್ನು ಹತ್ತಿ ಇಳಿಯಬೇಕಿತ್ತು. ಇವನು ಹತ್ತಿದವನೇ ಇಳಿಯುವ ಬದಲು ಜೋರಾಗಿ ಜೀಕಿ ಪಕ್ಕದ ಹಗ್ಗ ಹಿಡಿದ, ಅಲ್ಲಿಂದ ಅದರಾಚೆಯದು. ಅಲ್ಲಿ ನಡುವೆ ಸಿಕ್ಕಿಕೊಂಡು ಅಳುತ್ತಿದ್ದ ಇನ್ನೊಬ್ಬನ ತಲೆಯ ಮೇಲೇ ಕಾಲಿಟ್ಟ. ಉಸ್ತಾದರು ಸೀಟಿ ಊದಿ ಊದಿ ಕೆಂಪಾದರು. ಇಳಿಸಿ ಕೇಳಿದರೆ, "ಪ್ರತಿ ಮರಕ್ಕೂ ಇಳಿದು ಹತ್ತಿದ್ರೆ ತೋಟ ಮುಗಿಯೋದು ಯಾವಾಗ, ಸಾಬ್?" ಎಂದನಂತೆ. ಇಡೀ ತುಕಡಿಗೆ ಕಪ್ಪೆ ಜಿಗಿತದ ಶಿಕ್ಷೆ. "ಮರುದಿನ ಉಸ್ತಾದರೇ ಗುಟ್ಟಾಗಿ ಬಂದು, ಅದನ್ನ ಇನ್ನೊಮ್ಮೆ ತೋರ್ಸೋ ಅಂದ್ರು" ಎಂದು ಚಾಚಾ ಮುಗಿಸುವಾಗ ಟೆಂಪೋ ಇಡೀ ನಗುತ್ತಿತ್ತು. ಆಮೇಲೆ ಆ ಹುಡುಗ ಏನಾದ ಎಂದು ಯಾರಾದರೂ ಕೇಳಿದರೆ ಮಾತ್ರ, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಹಾರ್ನ್ ಹೊಡೆಯುತ್ತಿದ್ದರು.

ಅವನು ಯುದ್ಧದಿಂದ ಬರಲಿಲ್ಲ. ಮನೆಗೆ ಸಾವಿನ ತಾರು ಬಂತು, ಹೆಣ ಬರಲಿಲ್ಲ. ಹೆಗ್ಗರಣೆಯಲ್ಲಿ ಅವನ ಅಕ್ಕ ಇದ್ದಳು, ಚಾಚಾ ವರ್ಷಕ್ಕೊಮ್ಮೆ ಹೋಗಿ ಕಂಡು ಬರುತ್ತಿದ್ದರು. ತಮ್ಮ ಹೇಗೆ ಸತ್ತ ಎಂಬುದೊಂದೇ ಆಕೆಗೆ ಬೇಕಿದ್ದದ್ದು. ಇವರೋ, ಪ್ರತಿ ಸಲವೂ ಹಗ್ಗದ ಕಥೆ ಹೇಳಿ, ನಗಿಸಿ, ಚಹಾ ಕುಡಿದು ಎದ್ದು ಬರುತ್ತಿದ್ದರು. ಕಣ್ಣು ಮಂಜಾಗಿ ಗಾಡಿ ಓಡಿಸುವುದನ್ನು ಬಿಟ್ಟ ಮೇಲೆ, ಹೋದ ವರ್ಷ, ನಿನ್ನ ಕಾರಿನಲ್ಲಿ ಕರೆದುಕೊಂಡು ಹೋಗು ಎಂದು ನನಗೆ ಹೇಳಿದರು.

ಹೆಗ್ಗರಣೆಯಲ್ಲಿ ಅದೇ ಕಥೆ ಶುರುವಾಗುತ್ತಲೇ ಅಕ್ಕ ಕೈ ಅಡ್ಡ ಹಿಡಿದಳು. "ನಗ್ಸಿದ್ದು ಸಾಕು ಸಾಬ್ರೇ. ನಂಗೂ ವಯಸ್ಸಾತು, ನಿಮಗೂ ಆತು. ಅಂವ ಹ್ಯಾಂಗೆ ಹೋದ, ಅದನ್ನ ಹೇಳಿ."

ಚಾಚಾ ಚಹಾದ ಲೋಟವನ್ನು ಕೆಳಗಿಟ್ಟರು. "ಟೆಲಿಫೋನ್ ತಂತಿ ಕಟ್ಟೋಕೆ ಮರ ಹತ್ತಿದ್ದ. ಕಟ್ಟಿದ. ಇಳೀಲಿಲ್ಲ, ಪಕ್ಕದ ಮರಕ್ಕೆ ಜೀಕಿದ. ನಮಗೆ ಬೆಳಗಾವಿ ನೆನಪಾಯ್ತು, ಕೆಳಗೆ ನಿಂತು ನಗ್ತಾ ಇದ್ವಿ. ನಾವು ನಗೋದು ನಿಲ್ಸಿರ್ಲಿಲ್ಲ, ಗುಂಡು ಬಂತು."

ಅಕ್ಕ ಅಳಲಿಲ್ಲ. "ಅಂವನೂ ನಗ್ತಾ ಇದ್ನಾ?" ಎಂದಳು.

"ಹೌದಮ್ಮ. ನಗ್ತಾನೇ ಇದ್ದ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಇಷ್ಟು ವರ್ಷ ಇದನ್ನು ಹೇಳದೆ ಸತಾಯಿಸಿದ ಮನುಷ್ಯನ ಮೇಲೆ ನನಗೆ ಸಿಟ್ಟೇ ಬಂದಿತ್ತು.

ವಾಪಸು ಬರುವಾಗ ಶಿರಸಿ ದಾಟಿದೆವು. ಆಮೇಲೆ ಚಾಚಾ, "ಜೀಕೋವಾಗ ಅವನ ಮುಖ ಆಚೆ ಇತ್ತು ತಂಗಿ. ನಂಗೆ ಕಂಡಿದ್ದು ಬೆನ್ನು ಮಾತ್ರ" ಎಂದರು. "ಈಗ್ಲೂ ನಿದ್ದೆಯಲ್ಲಿ ನಾವು ನಗೋದು ಕೇಳ್ತದೆ. ಅವನದ್ದು ಕೇಳೋದಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕಾರಿನ ಹಿಂದಿನ ಸೀಟಿನಲ್ಲಿ ಯಾರೋ ಕೂತಿದ್ದಾರೆ ಎನಿಸಿ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಯಲ್ಲಾಪುರ ಬರುವವರೆಗೂ ಕನ್ನಡಿ ನೋಡಲಿಲ್ಲ.

ಈ ವರ್ಷ ಚಾಚಾ ತೀರಿಕೊಂಡರು. ಸುದ್ದಿ ಹೇಳಲು ನಾನೊಬ್ಬಳೇ ಹೆಗ್ಗರಣೆಗೆ ಹೋದೆ. ಹೊರಡುವಾಗ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಂವ ನಗ್ತಾ ಇದ್ದ ಅಂದ್ರಲ ಸಾಬ್ರು, ಅದು ಖರೆನಾ? ನಿನ್ನ ಹತ್ರ ಬೇರೆ ಎಂತಾದ್ರೂ ಹೇಳಿದ್ರಾ?"

"ಇಲ್ಲ ಅಕ್ಕಾ. ನನ್ನ ಹತ್ರನೂ ಅದನ್ನೇ ಹೇಳಿದ್ರು."

ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಮೆಲ್ಲಗೆ ಕೈ ಸಡಿಲಿಸಿದಳು.