ಓಟ್ಸ್ ಕಾಯುವುದಿಲ್ಲ

ಧನ್ಯಾ, ಮನ್ವಿತ್, ಒಲೆಯಿಂದ ಇಳಿಸಿದ ಓಟ್ಸ್ ಹತ್ತು ನಿಮಿಷವೂ ಕಾಯುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ನನಗೆ ಅದು ತಿಳಿಯಲು ಅರುವತ್ತೆಂಟು ವರ್ಷ ಬೇಕಾಯಿತು.

ಹಾಲು, ತುಪ್ಪ ತಿನ್ನುವುದನ್ನೇ ಬಿಟ್ಟಿರುವ ಧನ್ಯಾ, ಕಳೆದ ರಜೆಯಲ್ಲಿ ನೀನೇ ಒಂದು ಪೊಟ್ಟಣ ಕೊಟ್ಟು, "ತರಕಾರಿ ಹಾಕಿ ಖಾರದ್ದು ಮಾಡಿ ಅಜ್ಜಿ, ನಿಮ್ಮ ಶುಗರಿಗೂ ಒಳ್ಳೇದು" ಎಂದು ಹೇಳಿ ಹೋದೆ. ಹೇಗೆಂದು ಕೇಳಲು ನನಗೆ ನಾಚಿಕೆ. ಮರ್ಕಂಜದ ಶಾಲೆಯಲ್ಲಿ ಏಳನೆಯವರೆಗೆ ಓದಿದವಳಿಗೆ ಪೊಟ್ಟಣದ ಇಂಗ್ಲಿಷ್ ದಕ್ಕಲಿಲ್ಲ. ಕುಚ್ಚಲಕ್ಕಿಯಂತೆ ಒಂದು ಗಂಟೆ ಬೇಯಿಸಿ, ಗಂಜಿನೀರು ಬಸಿಯಲು ಮುಚ್ಚಳ ಹಿಡಿದು ಪಾತ್ರೆ ಬಗ್ಗಿಸಿದೆ. ನೀರೂ ಬರಲಿಲ್ಲ, ಓಟ್ಸೂ ಬರಲಿಲ್ಲ. ಕವುಚಿ ಹಾಕಿದರೂ ಅದು ಪಾತ್ರೆಗೆ ಪರಮ ನಿಷ್ಠೆಯಿಂದ ಅಂಟಿಕೊಂಡಿತ್ತು.

ಈಗ ಪಳಗಿದ್ದೇನೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ಗಾಂಧಾರಿ ಮೆಣಸು. ಮೇಲಿಂದ ಹಿತ್ತಲಿನ ಎಳೆ ಅಲಸಂಡೆ, ಕ್ಯಾರೆಟ್ಟು, ಬಸಳೆಯ ಕುಡಿ. ಬಾಡಿದ ಮೇಲೆ ನೀರು, ನೀರು ಕುದಿದ ಮೇಲೆ ಓಟ್ಸ್, ಐದೇ ನಿಮಿಷ. ಕೊನೆಗೆ ಅರ್ಧ ಲೋಟ ತೆಂಗಿನ ಹಾಲು.

ಆಮೇಲೆ ಗಟ್ಟಿಯಾಗುವ ಮೊದಲು ಕೂಡಲೇ ತಿನ್ನಬೇಕು. ನನಗೆ ಕಷ್ಟವಾದದ್ದು ಅಲ್ಲೇ. ನಮ್ಮಲ್ಲಿ ಬಡಿಸಿದವಳು ಉಣ್ಣುವುದು ಎಲ್ಲರ ಕೈ ತೊಳೆದಾದ ಮೇಲೆ. ನಿಮ್ಮ ಅಜ್ಜ ಒಳ್ಳೆಯವರೇ ಆಗಿದ್ದರು, ಆದರೆ ಇದ್ದಷ್ಟು ದಿನ "ನಿಂದು ಊಟ ಆಯಿತಾ?" ಎಂದು ಕೇಳಿದ್ದು ನನಗೆ ನೆನಪಿಲ್ಲ. ಗಂಜಿ ಆರಿದರೂ ಗಂಜಿಯೇ ಆದ್ದರಿಂದ ನಾನೂ ಆರಿದ್ದನ್ನೇ ಉಂಡು ಬದುಕಿದೆ.

ಮೊನ್ನೆ ಅಜ್ಜನ ಅಣ್ಣ, ನಮ್ಮ ಬಾವ, ಸಂಪಾಜೆಯಿಂದ ಹೆಂಡತಿಯೊಡನೆ ಮಧ್ಯಾಹ್ನದ ಊಟಕ್ಕೆ ಬಂದರು. ಅವರ ಅನ್ನ, ಸಾಂಬಾರು ಮೇಜಿನ ಮೇಲಿತ್ತು. ಬಾವ ಜಗಲಿಯಲ್ಲಿ ಫೋನು ಹಿಡಿದು ಮಳೆಯ ವಿಷಯ ಮಾತಾಡುತ್ತಲೇ ಇದ್ದರು. ನನ್ನ ಶುಗರಿನ ಮಾತ್ರೆ ಹೊಟ್ಟೆಗೆ ಹೋಗಿಯಾಗಿತ್ತು. ಹಿಂದೊಮ್ಮೆ ಹೀಗೆಯೇ ಕಾದು, ಬಡಿಸುವಾಗಲೇ ತಲೆ ತಿರುಗಿ ಬಿದ್ದವಳು ನಾನು. ಇತ್ತ ಓಟ್ಸ್ ಬಿಗಿಯತೊಡಗಿತ್ತು. ಬಟ್ಟಲಿಗೆ ಹಾಕಿಕೊಂಡು ಮೇಜಿಗೇ ಹೋಗಿ ಕುಳಿತೆ.

"ಎಂತ ಮಾರಾಯ್ತಿ, ಗಂಡಸ್ರು ಕೂತುಕೊಳ್ಳುವ ಮೊದಲೇ ನೀನು ಕೂತದ್ದಾ?" ಎಂದರು ಬಾವನ ಹೆಂಡತಿ, ನನಗೆ ಅಕ್ಕ.

"ಇದು ಕಾಯುದಿಲ್ಲ ಅಕ್ಕ. ನಂಗೂ ಕಾದು ಸಾಕಾಯ್ತು."

ಅಷ್ಟರಲ್ಲಿ ಒಳಗೆ ಬಂದ ಬಾವ ಬಟ್ಟಲು ಇಣುಕಿದರು. "ಇದು ಕುದುರೆಗೆ ಹಾಕುದಲ್ವಾ?"

ಬಾಗಿಲ ಮರೆಯಿಂದಲ್ಲದೆ ಬಾವನೊಡನೆ ನಾನು ಮಾತಾಡಿದವಳಲ್ಲ. ಅಂದು ಬಾಯಿ ತಾನಾಗಿ ತೆರೆಯಿತು. "ಹೌದು ಬಾವ. ಕುದುರೆ ಯಾರ ಊಟ ಆಗ್ಲಿಕ್ಕೂ ಕಾಯುದಿಲ್ಲ."

ನಾನು ಏಳಲಿಲ್ಲ. ಅಕ್ಕ ಕೈಯಲ್ಲಿದ್ದ ಸೌಟನ್ನು ಬಾವನ ಮುಂದಿಟ್ಟು, ನನ್ನ ಪಕ್ಕದ ಕುರ್ಚಿ ಎಳೆದರು. "ನಂಗೂ ಚೂರು ಹಾಕು, ಬಿಸಿ ಇರುವಾಗ." ಬಾವ ತಾವೇ ಬಡಿಸಿಕೊಂಡರು. ಉಪ್ಪು ಎಲ್ಲಿದೆಯೆಂದು ಎರಡು ಸಲ ಕೇಳಿದರು, ಅಷ್ಟೆ.

ಮನ್ವಿತ್, ಇದನ್ನು ನೀನೂ ಮಾಡಲು ಕಲಿ. ಧನ್ಯಾ, ಮಾಡಿದ ಕೂಡಲೇ ಕೂತು ತಿನ್ನು. ನಾನು ಬರೆದ ಈ ಹಾಳೆಗಳನ್ನು ಇಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿ. ಎಣ್ಣೆ ಕಲೆಯಾದರೂ ಅಡ್ಡಿಯಿಲ್ಲ. ಓದುವಾಗ ಓಟ್ಸ್ ಒಲೆಯಿಂದ ಇಳಿದಿದ್ದರೆ ಮೊದಲು ತಿನ್ನಿ. ಹಾಳೆಗಳು ಕಾಯುತ್ತವೆ.