ಕಂಪ್ಲಿಯ ಹನ್ನೊಂದು ಚೀಟಿ

ಮಾರುತಿಯಣ್ಣ, ಕಂಪ್ಲಿಯ ಗಣೇಶನ ಪೆಂಡಾಲಿನಲ್ಲಿ ಅವತ್ತು ವೇದಿಕೆಗೆ ಬಂದ ಹನ್ನೊಂದು ಚೀಟಿಗಳನ್ನೂ ಬರೆದವನು ನಾನು. ಹನ್ನೊಂದು ಮಂದಿ ಅಲ್ಲ — ನಾನೊಬ್ಬನೇ. ಇಪ್ಪತ್ತೆರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಿದ್ದೇನೆ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ನಿಮ್ಮ ಮಗಳು ಅನಿತಾ ಕೂಡ ಇದನ್ನು ಓದಬೇಕು. ಅಲ್ಲದೆ ಕ್ರಮವಾಗಿ ಹೇಳದಿದ್ದರೆ ನಾನು ನಡುವೆ ಎಲ್ಲಾದರೂ ನುಣುಚಿಕೊಳ್ಳುವ ಆಸಾಮಿ.

ನಿಮ್ಮನ್ನು ಮೊದಲು ನೋಡಿದ್ದು ಹೊಸಪೇಟೆಯಲ್ಲಿ. ಆಗ ನಾನು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ತೂಕ ಬರೆಯುವ ಗುಮಾಸ್ತ. ಮಷೀನಿಗೆ ಬೆಲ್ಟ್ ತರಲು ಬಂದವನಿಗೆ ಬಸ್ಸು ತಪ್ಪಿತ್ತು. ಹತ್ತಿರದ ಓಣಿಯಲ್ಲಿ ಗಣೇಶನ ಮುಂದೆ ಆರ್ಕೆಸ್ಟ್ರಾ ನಡೆದಿತ್ತು. ಸಿನಿಮಾ ಹಾಡು, ಜರಿ ಅಂಗಿಯ ಗಾಯಕ, ಎಲ್ಲ ಎಂದಿನಂತೆಯೇ. ನೀವು ಗಿಟಾರ್ ಹಿಡಿದು ಕೀಬೋರ್ಡಿನವನ ಹಿಂದೆ ಮೂಲೆಯಲ್ಲಿದ್ದಿರಿ. ದೇವರ ವೇದಿಕೆಯೆಂದು ನೀವೆಲ್ಲ ಚಪ್ಪಲಿ ಕೆಳಗೆ ಬಿಟ್ಟು ಹತ್ತಿದ್ದಿರಿ. ಹಾಡಿನ ನಡುವೆ, ಕೊಳಲು ಬರಬೇಕಾದ ಜಾಗದಲ್ಲಿ, ನೀವು ಕಾಲಿನ ಹೆಬ್ಬೆರಳಿನಿಂದ, ಗಿಟಾರಿನ ಸದ್ದು ಬದಲಿಸುವ ಒಂದು ಸಣ್ಣ ಕಬ್ಬಿಣದ ಡಬ್ಬಿಯನ್ನು ಒತ್ತಿದಿರಿ. ಆಮೇಲೆ ಬಂದ ಆ ಸದ್ದು — ನನ್ನ ಎದೆಗೆ ಕೈಯಿಟ್ಟು ಯಾರೋ ಹಿಂದಕ್ಕೆ ತಳ್ಳಿದ ಹಾಗಾಯಿತು. ಪಕ್ಕದ ಅಜ್ಜ ಗಾಬರಿಯಾಗಿ, "ಏನಲೇ ಇದು, ಟ್ರಾನ್ಸ್‌ಫಾರ್ಮರ್ ಸುಟ್ಟೇತೇನು?" ಅಂದ. ನನಗೆ ಮುಂದಿನ ಬಸ್ಸೂ ತಪ್ಪಿತು.

ಅವತ್ತಿನಿಂದ ನಾನು ನಿಮ್ಮ ಬೆನ್ನು ಬಿಡಲಿಲ್ಲ. ಸಂಡೂರಿನ ಯಾವುದೋ ಮದುವೆಗೆ ಕರೆಯದೆ ಹೋಗಿ, ಯಾರ ಕಡೆಯವನು ಅಂತ ಕೇಳಿದವರಿಗೆ "ಗಿಟಾರ್ ಕಡೆಯವನು" ಅಂದು ಎರಡು ಸಲ ಊಟಕ್ಕೆ ಕೂತಿದ್ದೇನೆ. ನಿಮ್ಮ ಸ್ಪೀಕರ್ ಪೆಟ್ಟಿಗೆಯನ್ನು ಬಸ್ಸಿನ ಮೇಲಕ್ಕೆ ಏರಿಸಿದ್ದೇನೆ, ಇಳಿಸಿದ್ದೇನೆ. ನನಗೆ ಸರಿಗಮ ಬಾರದು. ಆದರೆ ನಿಮ್ಮ ಹೆಬ್ಬೆರಳು ಆ ಡಬ್ಬಿಯ ಮೇಲೆ ಯಾವಾಗ ಹೋಗುತ್ತದೆ ಅನ್ನುವುದು ನಿಮಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ನನ್ನ ಹೆಂಡತಿ ಹಂಗಿಸುತ್ತಿದ್ದಳು: "ಮಂದಿ ಮಾರುತಿ ದೇವ್ರು ಶನಿವಾರ ಅಷ್ಟ ಕರಿತಾನ. ನಿಮ್ಮ ಮಾರುತಿ ವಾರಪೂರ್ತಿ ಕರಿತಾನ ನೋಡ್ರಿ."

ಅನಿತಾಳಿಗೆ ಚೀಟಿಯ ವಿಷಯ ಬಿಡಿಸಿ ಹೇಳಬೇಕು. ಆಗ ಆರ್ಕೆಸ್ಟ್ರಾ ನಡೆಯುವಾಗ ಜನ ತಮಗೆ ಬೇಕಾದ ಹಾಡು, ತಮ್ಮ ಹೆಸರು ಬರೆದು ಕೈಯಿಂದ ಕೈಗೆ ವೇದಿಕೆಗೆ ಸಾಗಿಸುತ್ತಿದ್ದರು. ನಿರೂಪಕ ಅದನ್ನು ಮೈಕಿನಲ್ಲಿ ಓದುತ್ತಿದ್ದ. ಒಮ್ಮೆ ಹೆಸರು ಓದಿದ ಮೇಲೆ ಆ ಹಾಡು ಹಾಡಲೇಬೇಕು, ಇಲ್ಲದಿದ್ದರೆ ಆ ಮನುಷ್ಯನಿಗೆ ಊರ ಮುಂದೆ ಅವಮಾನ. ನಾನು ಪ್ರತಿ ಕಾರ್ಯಕ್ರಮದಲ್ಲೂ ಒಂದೇ ಚೀಟಿ ಕಳಿಸುತ್ತಿದ್ದೆ: "ಗಿಟಾರ್ ಲೀಡ್ ಬೇಕು — ಶೇಖರ, ಕಂಪ್ಲಿ." ನಿರೂಪಕ ನಗುತ್ತಲೇ ಓದುತ್ತಿದ್ದ. ನಿಮಗೆ ಒಬ್ಬರೇ ಬಾರಿಸಲು ಎರಡು ನಿಮಿಷ ಸಿಗುತ್ತಿತ್ತು. "ನೀ ಚೀಟಿ ಕಳಿಸ್ತಿ, ನಾ ಉಸಿರಾಡ್ತೀನಿ ನೋಡಲೇ," ಅಂತ ಒಮ್ಮೆ ಅಂದಿದ್ದಿರಿ. ಆ ಮಾತನ್ನು ನಾನು ಎಷ್ಟು ದಿನ ಮನಸ್ಸಿನಲ್ಲೇ ಮೆಲುಕು ಹಾಕಿದೆನೋ!

ಆಮೇಲೆ ಹಂಪಿ. ಬಾಳೆ ತೋಟದ ಪಕ್ಕದ ಆ ಗೆಸ್ಟ್ ಹೌಸಿನ ಅಂಗಳದಲ್ಲಿ ನೀವು ಸಂಜೆ ಒಂದು ತಾಸು ಪೂರ್ತಿ ನಿಮ್ಮದೇ ಬಾರಿಸಿದಿರಿ. ಗಾಯಕ ಇಲ್ಲ, ನಿರೂಪಕ ಇಲ್ಲ. ಅದಿರಿನ ಲಾರಿ ಫಸ್ಟ್ ಗೇರಿನಲ್ಲಿ ಸಂಡೂರಿನ ಗುಡ್ಡ ಏರುವಂತೆ ನಿಧಾನಕ್ಕೆ ಶುರುವಾಗಿ, ಮೇಲೆ ಹೋದ ಮೇಲೆ ಒಮ್ಮೆಲೇ ಹಗುರಾಗುವ ಆ ಧಾಟಿ — ಅದಕ್ಕೆ ನೀವು ಹೆಸರೇ ಇಟ್ಟಿರಲಿಲ್ಲ. ಬಾಳೆಗೊನೆ ಹೊರುವವರು ಗೊನೆ ಇಳಿಸಿ ನಿಂತು ಕೇಳಿದರು. ನನ್ನ ಜೀವನದಲ್ಲಿ ಅಂಥ ಸಂಜೆ ಮತ್ತೆ ಬರಲಿಲ್ಲ. ಬರದಂತೆ ಮಾಡಿದವನೂ ನಾನೇ.

ಯಾಕೆಂದರೆ ಆ ಅಂಗಳದಲ್ಲಿ ಗೋವಾದವನೊಬ್ಬ ಕೂತಿದ್ದ. ಅವನದೊಂದು ರಾಕ್ ಬ್ಯಾಂಡು, ಅದಕ್ಕೆ ಗಿಟಾರಿನವನು ಬೇಕಾಗಿದ್ದ. ಕೈ ಚೆನ್ನಾಗಿದೆ, ಆದರೆ ದೊಡ್ಡ ಜನರ ಮುಂದೆ ಹೇಗೆ ನಿಲ್ಲುತ್ತೀ ನೋಡಬೇಕು ಅಂದನಂತೆ. ಮುಂದಿನ ವಾರವೇ ಕಂಪ್ಲಿಯಲ್ಲಿ ನಿಮ್ಮ ಕಾರ್ಯಕ್ರಮವಿತ್ತು. ಬಸ್ಸಿಗೆ ಕಾಯುತ್ತಾ ನನ್ನ ಹೆಗಲ ಮೇಲೆ ಕೈಹಾಕಿ ಹೇಳಿದಿರಿ: "ಚೀಟಿ ಹಾಡೆಲ್ಲಾ ಮುಗಿದ ಮ್ಯಾಲ ಕಡೀಕ ಹತ್ತು ನಿಮಿಷ ನನಗ ಕೊಡ್ತಾರಂತ ಶೇಖರ. ನೀ ಮುಂದಿನ ಸಾಲಿನ್ಯಾಗ ಕುಂದ್ರು. ನಿನ್ನ ಮುಖ ನೋಡ್ಕೊಂಡು ಬಾರಿಸ್ತೀನಿ."

"ಭಾಳ ಖುಷಿ ಆತ್ರಿ ಅಣ್ಣ," ಅಂದೆ. ಖುಷಿ ಆಗಿರಲಿಲ್ಲ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ನೀವು ಗೋವಾಕ್ಕೆ ಹೋದರೆ ಅಲ್ಲಿ ನಿಮಗೆ ಸಾವಿರ ಶೇಖರರು ಸಿಗುತ್ತಾರೆ. ನನಗೆ — ಗಿರಣಿ, ತೂಕ, ತೌಡಿನ ಧೂಳು. ನಿಮ್ಮ ಮೇಲಿನ ಪ್ರೀತಿ ಅಂತ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಅಲ್ಲ ಅದು. ನನ್ನ ಆಟದ ಸಾಮಾನು ಬೇರೆಯವರ ಪಾಲಾಗುತ್ತದೆ ಅನ್ನುವ ಸಂಕಟ, ಅಷ್ಟೇ.

ಕಾರ್ಯಕ್ರಮದ ದಿನ ಮಧ್ಯಾಹ್ನ ಗಿರಣಿಯಲ್ಲೇ ಕೂತು ಬರೆದೆ. ಕ್ಯಾಲೆಂಡರಿನ ಹಿಂಭಾಗ, ನೋಟ್‌ಬುಕ್ಕಿನ ಹಾಳೆ, ಬೀಡಿ ಕಟ್ಟಿನ ಕಾಗದ — ಒಂದರಂತೆ ಒಂದು ಇರಬಾರದಲ್ಲ! ಕೆಲವನ್ನು ಎಡಗೈಯಲ್ಲಿ ಬರೆದೆ. ಎಲ್ಲವೂ ಗಿಟಾರಿಗೆ ಕೆಲಸವೇ ಇಲ್ಲದ, ಎಳೆದು ಎಳೆದು ಹಾಡುವ ಹಾಡುಗಳು. ಕೋಟೆ ಓಣಿ ರಾಮಣ್ಣ, ಸಕ್ಕರೆ ತಿಪ್ಪೇಸ್ವಾಮಿ, ಮೇಷ್ಟ್ರು ಗುರುಬಸಪ್ಪ — ಹೆಸರುಗಳನ್ನು ಹುಟ್ಟಿಸುವಾಗ ನನಗೆ ನಗು ಕೂಡ ಬಂದಿತ್ತು. ಆ ನಗುವೇ ಇವತ್ತಿಗೂ ನನ್ನನ್ನು ಹೆಚ್ಚು ಚುಚ್ಚುವುದು.

ಸಂಜೆ, ನೀವು ಹೇಳಿದ್ದ ಹಾಗೆ, ಮುಂದಿನ ಸಾಲಿನಲ್ಲಿ ಕೂತೆ. ಗೋವಾದವನು ಪೆಂಡಾಲಿನ ಬಲಗಡೆ ಕಂಬಕ್ಕೆ ಒರಗಿ ನಿಂತಿದ್ದ. ನಾನು ಆಗಾಗ ಎದ್ದು, ನೀರು ಕುಡಿಯುವ ನೆವದಲ್ಲಿ ಹಿಂದೆ ಹೋಗಿ, "ಸ್ವಲ್ಪ ಮುಂದ ಕಳಿಸ್ರಿ" ಅಂತ ಒಬ್ಬೊಬ್ಬರ ಕೈಗೆ ಒಂದೊಂದು ಚೀಟಿ ಕೊಟ್ಟು ಬಂದೆ. ನಿರೂಪಕ ಓದುತ್ತಾ ಹೋದ. ಒಂದು ಹಾಡು ಮುಗಿಯಿತು ಅಂತ ನೀವು ಗಿಟಾರಿನ ಪಟ್ಟಿ ಸರಿಮಾಡಿಕೊಂಡರೆ, ಮತ್ತೊಂದು ಹೆಸರು. ಆರನೆಯದಕ್ಕೆ ನೀವು ನನ್ನ ಕಡೆ ನೋಡಿ ನಕ್ಕಿರಿ. ಒಂಬತ್ತನೆಯದಕ್ಕೆ ನೋಡಿದಿರಿ, ನಗಲಿಲ್ಲ. ನನ್ನ ಎಂದಿನ ಚೀಟಿಗಾಗಿ ಕಾಯುತ್ತಿದ್ದೀರಿ ಅಂತ ಗೊತ್ತಾಗುತ್ತಿತ್ತು. ಅದೊಂದನ್ನು ಮಾತ್ರ ನಾನು ಬರೆದಿರಲಿಲ್ಲ. ಹನ್ನೊಂದನೆಯ ಹಾಡು ಮುಗಿಯುವ ಹೊತ್ತಿಗೆ ಮೈಕು ಬಂದ್ ಮಾಡುವ ಹೊತ್ತಾಗಿತ್ತು. ನಿಮ್ಮ ಹೆಬ್ಬೆರಳು ಡಬ್ಬಿಯ ಮೇಲಿತ್ತು, ಒತ್ತದೆ ಹಾಗೇ ತೆಗೆದಿರಿ.

ಗೋವಾದವನು ಒಳ್ಳೆಯವನು. ನಾಳೆ ಬೆಳಿಗ್ಗೆ ಎಲ್ಲಾದರೂ ಕೂತು ಬಾರಿಸು, ಕೇಳಿಯೇ ಹೋಗುತ್ತೇನೆ ಅಂದ. ನೀವೇ ಬೇಡವೆಂದಿರಿ. ವೇದಿಕೆಯ ಮೇಲೆ ಬಿದ್ದಿದ್ದ ಚೀಟಿಗಳನ್ನು ಒಂದೊಂದಾಗಿ ಆರಿಸಿ, ಗಿಟಾರಿನ ಪೆಟ್ಟಿಗೆಯಲ್ಲಿಟ್ಟು ನನ್ನ ಹತ್ತಿರ ಬಂದಿರಿ.

"ನೀನೂ ಕಳಿಸಲಿಲ್ಲಲ್ಲೋ ಶೇಖರ?"

"ಪೆನ್ ತಂದಿರಲಿಲ್ರಿ ಅಣ್ಣ."

ಪೆನ್ನು ಅಂಗಿಯ ಜೇಬಿನಲ್ಲಿತ್ತು. ನೀವು ನೋಡಿದಿರೋ ಇಲ್ಲವೋ — ಇವತ್ತಿಗೂ ತಿಳಿಯದು. "ಹನ್ನೊಂದು ಮಂದಿಗೆ ಬ್ಯಾರೇನ ಬೇಕಾಗಿತ್ತು. ಒಬ್ಬರಿಗೂ ನಾ ಬ್ಯಾಡಾಗಿದ್ದೆ. ಸುಮ್ನ ಹುಚ್ಚು ಹಿಡಿಸ್ಕೊಂಡಿದ್ದೆ ಬಿಡು," ಅಂದಿರಿ. ಆಗಲೇ ಹೇಳಬಹುದಿತ್ತು. ಗೋವಾದವನು ಇನ್ನೂ ಪೆಂಡಾಲಿನ ಬಾಗಿಲಲ್ಲೇ ಇದ್ದ. ನಾನು ನಿಮ್ಮ ಸ್ಪೀಕರ್ ಪೆಟ್ಟಿಗೆ ಎತ್ತಿಕೊಂಡು ಟೆಂಪೋ ಕಡೆ ನಡೆದೆ.

ಇಷ್ಟೆಲ್ಲ ಮಾಡಿ ನನಗೆ ದಕ್ಕಿದ್ದಾದರೂ ಏನು? ಆ ವರ್ಷ ದಸರೆಗೇ ನೀವು ಆರ್ಕೆಸ್ಟ್ರಾ ಬಿಟ್ಟಿರಿ, ವಡ್ಡು ಊರಿನ ಹತ್ತಿರದ ಕಾರ್ಖಾನೆಯ ಸ್ಟೋರಿಗೆ ಕೆಲಸಕ್ಕೆ ಸೇರಿದಿರಿ. ಯಾರಿಂದ ನಿಮ್ಮನ್ನು ಉಳಿಸಿಕೊಂಡೆ ಅಂದುಕೊಂಡಿದ್ದೆನೋ, ಅವರಿಗೂ ಇಲ್ಲ, ನನಗೂ ಇಲ್ಲ. ಗಿಟಾರ್ ಬೀರುವಿನ ಮೇಲೆ ಹಳೆ ಚಾದರ ಹೊದ್ದು ಮಲಗಿತು. ನಾನು ಹಬ್ಬಕ್ಕೆ, ಹುಣ್ಣಿಮೆಗೆ ಬಂದು ಹೋಗುವ ಹಳೆಯ ಗೆಳೆಯನಾದೆ.

ಹೋದ ತಿಂಗಳು ಬಂದಾಗ ಆ ಚಾದರ ಕೆಳಗಿತ್ತು. ಅನಿತಾ ಮೊಬೈಲ್ ನೋಡಿಕೊಂಡೇ ಕಲಿತಿದ್ದಾಳೆ, ಹೊಸಪೇಟೆಯಲ್ಲಿ ಕಾಲೇಜಿನ ಗೆಳತಿಯರ ಜೊತೆ ಬ್ಯಾಂಡು ಕಟ್ಟುತ್ತಾಳಂತೆ. ನೀವು ಬೈಯಲಿಲ್ಲ. ಗಿಟಾರಿನ ಪೆಟ್ಟಿಗೆಯಿಂದ ಒಂದು ಕವರು ತೆಗೆದು, ಹಳದಿಯಾದ ಚೀಟಿಗಳನ್ನು ಅವಳ ಮುಂದೆ ಹರಡಿ, "ಓದವ್ವಾ. ಮಂದಿ ನಮಗ ಹೇಳೋದು ಇದ," ಅಂದಿರಿ. ಅವಳು ಗಟ್ಟಿಯಾಗಿ ಓದಿದಳು. ಕೋಟೆ ಓಣಿ ರಾಮಣ್ಣ. ಸಕ್ಕರೆ ತಿಪ್ಪೇಸ್ವಾಮಿ. ನನ್ನ ಎಡಗೈಯ ಅಕ್ಷರ ಅವಳ ಬಾಯಲ್ಲಿ — ಆ ಹೊತ್ತು ನೆಲ ಬಿರಿದಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಓದಿ ಮುಗಿಸಿ ನನ್ನನ್ನು ಕೇಳಿದಳು: "ಕಾಕಾ, ನೀವು ಅವತ್ತು ಅಲ್ಲೇ ಇದ್ರಂತಲ್ಲ. ಖರೇನಾ, ಅಪ್ಪ ಬಾರಿಸೋದು ಯಾರಿಗೂ ಬ್ಯಾಡಾಗಿತ್ತಾ?"

"ಹಳೇ ಮಾತು ಬಿಡವ್ವಾ," ಅಂದೆ.

ಅವಳು ಗಿಟಾರನ್ನು ಮತ್ತೆ ಚಾದರದಲ್ಲಿ ಸುತ್ತಿಟ್ಟಳು. ನಾನು ನೋಡುತ್ತಾ ಕೂತಿದ್ದೆ. ಅಪ್ಪನ ಕೈ ಕಟ್ಟಿದ ಕಾಗದಗಳೇ ಮಗಳ ಕೈಯನ್ನೂ ಕಟ್ಟಿದವು, ನನ್ನ ಕಣ್ಣ ಮುಂದೆಯೇ, ನನ್ನ ಬಾಯಿ ಮುಚ್ಚಿದ್ದರಿಂದ.

ವಯಸ್ಸು, ಬಡತನ, ಹುಚ್ಚು ಅಭಿಮಾನ — ಯಾವುದನ್ನೂ ಮುಂದೆ ಮಾಡುವುದಿಲ್ಲ ಅಣ್ಣ. ತಿಳಿದೇ ಮಾಡಿದೆ. ಕ್ಷಮಿಸಿ ಅಂತ ಕೇಳುವ ಮುಖವೂ ನನಗಿಲ್ಲ. ಈ ಕಾಗದವನ್ನು ಇವತ್ತೇ ಅಂಚೆಗೆ ಹಾಕುತ್ತೇನೆ, ನಾಳೆಗಿಟ್ಟರೆ ಹರಿದುಹಾಕುತ್ತೇನೆ. ಭಾನುವಾರ ಬರುತ್ತೇನೆ. ಅನಿತಾಳನ್ನು ಎದುರಿಗೆ ಕೂರಿಸಿಕೊಂಡು, ಆ ಹನ್ನೊಂದು ಹೆಸರುಗಳನ್ನೂ ಓದಿ, ಒಂದೊಂದಕ್ಕೂ "ಇದು ನಾನು" ಅಂತ ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗಿನಿಂದಲೇ ಹೇಳುತ್ತೇನೆ.

ಕಾಗದದ ಜೊತೆ ಒಂದು ಸಣ್ಣ ಚೀಟಿ ಇಟ್ಟಿದ್ದೇನೆ. ಅವತ್ತು ಕಳಿಸಬೇಕಾಗಿದ್ದದ್ದು. ಬಲಗೈಯಲ್ಲಿ ಬರೆದಿದ್ದೇನೆ, ಹೆಸರು ನನ್ನದೇ: "ಗಿಟಾರ್ ಲೀಡ್ ಬೇಕು — ಶೇಖರ, ಕಂಪ್ಲಿ."