ಗೇಟಿನ ಹೊರಗಿನ ಹರವಿ

ಮೇಲಿನ ಮನೆಯ ಅಕ್ಕನ ಬೆರಳುಗಳ ಒಳಬದಿಯಲ್ಲಿ ಬಕೆಟ್ ಹಿಡಿಕೆ ಒತ್ತಿದ ಕೆಂಪು ಗೆರೆಯಿತ್ತು. ಅದು ಮೂಡಿದ್ದು ನನ್ನಿಂದ. ಇದನ್ನು ಹೇಳುವುದನ್ನು ಇಷ್ಟು ದಿನ ಮುಂದೂಡುತ್ತ ಬಂದೆ.

ಬೀದರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಮೂರನೇ ಮಹಡಿ, ನಮ್ಮದು ಕೆಳಗೆ. ಅವರ ಊರು ಭಾತಂಬ್ರಾ. ಮನೆಯೊಳಗೆ ಮರಾಠಿ, ಮೆಟ್ಟಿಲಿಳಿದರೆ ಕನ್ನಡ. ನನ್ನನ್ನು ತಮ್ಮಾ ಎನ್ನುತ್ತಿದ್ದರು, ನಾನು ಅಕ್ಕ ಎನ್ನುತ್ತಿದ್ದೆ. ಪಂಚಮಿಯ ಶೇಂಗಾ ಉಂಡಿ ಮೊದಲು ನಮ್ಮ ಮನೆಗೇ ಬರುತ್ತಿತ್ತು. ಬೇಸಿಗೆಯಲ್ಲಿ ಗೇಟಿನ ಹೊರಗೆ ದಾರಿಹೋಕರಿಗೆಂದು ನೀರಿನ ಹರವಿ ಇಡುತ್ತಿದ್ದರು. ಒಳಗಿಡಿ, ಯಾರಾದರೂ ಒಡೆದಾರು ಎಂದರೆ, "ಒಳಗಿಟ್ರ ಮಂದಿ ಕೇಳಿ ಕುಡೀಬೇಕಾಗ್ತದ. ನೀರು ಕೇಳ್ಲಿಕ್ಕ ನಾಚಿಕಿ ಬರ್ತದ ತಮ್ಮಾ," ಎನ್ನುತ್ತಿದ್ದರು.

ಅವರ ಯಜಮಾನರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ದುಡ್ಡೆಲ್ಲ ದವಾಖಾನೆಗೆ ಹೋಯಿತು. ಸಂಘಕ್ಕೆ ಕಟ್ಟುವ ಮೇಂಟೆನೆನ್ಸ್ ನಿಂತಿತು. ನಾನೇ ಸಂಘದ ಸೆಕ್ರೆಟರಿ. ಮೀಟಿಂಗಿನಲ್ಲಿ ಒಬ್ಬ, "ಸೆಕ್ರೆಟರಿ ಸಾಹೇಬ್ರು ಉಂಡಿ ತಿಂದಾರ, ಹ್ಯಾಂಗ ಕೇಳ್ತಾರ್ರಿ?" ಎಂದ. ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. ಅಲ್ಲಿಂದ ಎದ್ದವನೇ ಮಾಳಿಗೆ ಹತ್ತಿ ಅವರ ಮನೆಗೆ ಹೋಗುವ ನೀರಿನ ವಾಲ್ ಬಂದ್ ಮಾಡಿದೆ.

ಸಂಜೆ ಬಾಗಿಲಿಗೆ ಬಂದರು. "ಊರಾಗಿನ ಹೊಲದ ಪಾಲಿನ ತೊಗರಿ ರೊಕ್ಕ ಬಂದ ಕೂಡ್ಲೆ ಕಟ್ತೇನಿ. ಇವರ ಮೈ ಒರಸ್ಲಿಕ್ಕರೆ ನೀರು ಬಿಡು ತಮ್ಮಾ."

"ಎಲ್ಲರಿಗೂ ಒಂದೇ ಕಾನೂನು ಅದ ಮೇಡಂ."

"ಮೇಡಂ ಆದೆನಾ ನಾ?" ಮೆಟ್ಟಿಲ ಕಡೆ ತಿರುಗಿದರು. "ಆಗ್ಲಿ ಬಿಡು."

ಕೆಲವು ದಿನ ಕಳೆದು, ಔರಾದಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದೆ. ಬಿಸಿಲಿಗೆ ಗಂಟಲು ಒಣಗಿತ್ತು. ಗೇಟಿನ ಹರವಿಯಿಂದ ನೀರು ಕುಡಿದೆ, ತಣ್ಣಗಿತ್ತು. ಈಗ ಇದನ್ನು ತುಂಬಿಸುವವರು ಯಾರು ಎಂದುಕೊಳ್ಳುವಷ್ಟರಲ್ಲಿ ಅಕ್ಕ ರಸ್ತೆಯಾಚೆಯ ಬೋರಿಂಗಿನಿಂದ ಎರಡು ಬಕೆಟ್ ಹೊತ್ತು ಬಂದರು. ಅರ್ಧ ಬಕೆಟ್ ಹರವಿಗೆ ಸುರಿದರು. ಉಳಿದದ್ದು ಮೂರು ಮಹಡಿ ಹತ್ತಬೇಕು.

"ಇನ್ನೊಂದು ಗ್ಲಾಸ್ ಕುಡಿ ತಮ್ಮಾ, ಬಿಸಲಾಗ ಬಂದಿ," ಎಂದರು. ಬೆರಳುಗಳ ಆ ಗೆರೆ ಕಂಡದ್ದು ಆಗಲೇ. ನಾನು ಕುಡಿದೆ. ವಾಲ್ ಮಾತ್ರ ತೆರೆಯಲಿಲ್ಲ. ಮೀಟಿಂಗಿನವರು ಮತ್ತೆ ನಗುತ್ತಾರೆಂಬ ಭಯ.

ತೊಗರಿಯ ರೊಕ್ಕ ಬಂದ ದಿನವೇ ಬಾಕಿ ಪೂರ್ತಿ ಕಟ್ಟಿದರು. ಆಗಷ್ಟೇ ವಾಲ್ ತೆರೆದೆ. ಅಷ್ಟರಲ್ಲಿ ಮಲಗಿದಲ್ಲೇ ಯಜಮಾನರ ಬೆನ್ನಿಗೆ ಹುಣ್ಣಾಗಿ ಕೀವು ತುಂಬಿತ್ತು. ಮಳೆಗಾಲಕ್ಕೆ ಅವರು ಉಳಿಯಲಿಲ್ಲ. ನೀರಿಲ್ಲದ್ದಕ್ಕೇ ಹೀಗಾಯಿತೆಂದು ಯಾರೂ ಅನ್ನಲಿಲ್ಲ, ಅಕ್ಕನೂ ಅನ್ನಲಿಲ್ಲ. ಮನೆ ಮಾರಿ ಭಾಲ್ಕಿಗೆ, ತಂಗಿಯ ಬಳಿಗೆ ಹೋದರು.

ಹೋದ ವರ್ಷ ಅಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಆ ಮನೆಯ ಮುಂದೆಯೂ ಒಂದು ಹರವಿ, ಅದರ ಮೇಲೆ ಬೋರಲು ಹಾಕಿದ ಗ್ಲಾಸು. ಬಾಯಾರಿತ್ತು, ಮುಟ್ಟಲಾಗಲಿಲ್ಲ. ತಪ್ಪಾಯಿತು ಎಂಬ ಮಾತನ್ನು ಅವರಿಗೆ, ನನ್ನ ಅಕ್ಕನಿಗೆ, ನಾನು ಕೊನೆಗೂ ಹೇಳಲಿಲ್ಲ.